ನಲ್ಲಮ್ಮನಿಗೊಂದು ಮನೆ ಬೇಕು

(ಭಾನುವಾರ ಬೆಳಗಿನ ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಮಾತಿನ ಬರಹ ರೂಪ ಇದು. ಅಂದು ಕೇಳಲಾಗದ ಹಲವರು ಕೇಳಿಕೊಂಡಿದ್ದರಿಂದ ಅಚ್ಚು ಮಾಡಿದ್ದೇವೆ. ಸಂಚಿಕೆ ಅಚ್ಚಿಗೆ ಹೋಗುವ ಹೊತ್ತಿಗೂ ನಲ್ಲಮ್ಮನಿಗೆ ಮನೆ ಗೊತ್ತಾಗಿಲ್ಲ.)

ಇವತ್ತು ಹಾಡು ಸ್ವಲ್ಪ ಕಡಿಮೆ, ಮಾತು ಸ್ವಲ್ಪ ಜಾಸ್ತಿ. ಮಾತು ಒಂದು ನಾಯಿಯ ಬಗ್ಗೆ. ಹೆಸರು ನಲ್ಲಮ್ಮ. ವಯಸ್ಸು ಐದರ ಆಸುಪಾಸು. ಊರು ವಿಜಯವಾಡದ ಬೆಂಜ್ ಸರ್ಕಲ್. ಈ ತಿಂಗಳ ಕೊನೆಯೊಳಗೆ ಅವಳಿಗೊಂದು ಮನೆ ಆಗಬೇಕು. ನಾಯಿ ಸಾಕುವ ಆಸೆ ಇಲ್ಲದವರು ರೇಡಿಯೊ ಆಫ್ ಮಾಡಬೇಡಿ, ದಯವಿಟ್ಟು. ಆ ಆಸೆ ನಿಮ್ಮ ಪಕ್ಕದ ಮನೆಯವರಿಗೆ ಇರಬಹುದು.

ಬೆಂಜ್ ಸರ್ಕಲ್ ನೋಡದವರಿಗಾಗಿ ಎರಡು ಮಾತು. ಚೆನ್ನೈಯಿಂದ ಕೋಲ್ಕತ್ತಕ್ಕೆ ಹೋಗುವ 16ನೇ ನಂಬರಿನ ರಾಷ್ಟ್ರೀಯ ಹೆದ್ದಾರಿಯೂ, ಮಚಿಲಿಪಟ್ನದ ಕಡೆ ಹೊರಡುವ ಬಂದರ್ ರಸ್ತೆಯೂ ಒಂದನ್ನೊಂದು ಹಾಯುವ ಜಾಗ ಅದು. ಮೇಲೆ ಫ್ಲೈಓವರ್, ಕೆಳಗೆ ಆಟೋ, ಬಸ್ಸು, ಲಾರಿ. ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ ಬಂದ ಕೃಷ್ಣೆ ಇಲ್ಲಿಂದ ಹೆಚ್ಚು ದೂರವಿಲ್ಲ, ಆದರೆ ಸರ್ಕಲ್ಲಿನಲ್ಲಿ ನಿಂತವರಿಗೆ ನದಿಯ ನೆನಪೂ ಬರುವುದಿಲ್ಲ. ಹಾರ್ನ್ ಬಿಟ್ಟರೆ ಬೇರೆ ಶಬ್ದವಿಲ್ಲ. ಅಂಥ ಜಾಗದ ಒಂದು ಸರ್ವಿಸ್ ರಸ್ತೆಯಲ್ಲಿ, ಟೀ ಅಂಗಡಿಯ ಬೆಂಚಿನ ಕೆಳಗೆ, ನಲ್ಲಮ್ಮ ನಾಲ್ಕು ವರ್ಷ ಕಳೆದಳು.

ಹೆಸರಿಟ್ಟವರು ಟೀ ಅಂಗಡಿಯ ಪಿನ್ನಿ. ತೆಲುಗಿನಲ್ಲಿ ಪಿನ್ನಿ ಎಂದರೆ ಚಿಕ್ಕಮ್ಮ. ನಲ್ಲ ಎಂದರೆ ಕಪ್ಪು, ಹಾಗಾಗಿ ಕಪ್ಪು ನಾಯಿ ನಲ್ಲಮ್ಮ. ಕನ್ನಡ ಬಿ.ಎ. ಓದಿದ ನನ್ನ ಕಿವಿಗೆ ಮಾತ್ರ ಆ ಹೆಸರು ಬೇರೆ ಥರ ಕೇಳುತ್ತದೆ. ನಮ್ಮಲ್ಲಿ ನಲ್ಲ, ನಲ್ಲೆ ಎಂದರೆ ಪ್ರೀತಿಯವರು ತಾನೇ? "ಇದು ಬೊಗಳಿದ್ದನ್ನ ನಾನು ಕೇಳಿರೋದೇ ಎರಡು ಸಲ ಕಣಮ್ಮಾ" ಎಂದು ಪಿನ್ನಿ ಒಮ್ಮೆ ಹೇಳಿದರು. ಎರಡು ಸಲವೂ ಅಂಗಡಿಯ ಗ್ಯಾಸ್ ಒಲೆಯ ಹತ್ತಿರ ಹಾವು ಬಂದಿತ್ತಂತೆ.

ಎರಡು ವರ್ಷದ ಹಿಂದೆ ಒಂದು ಬೈಕು ಅವಳ ಹಿಂಗಾಲಿನ ಮೇಲೆ ಹಾಯ್ದುಹೋಯಿತು. ಕಾಲೇಜಿನ ನಾಲ್ಕು ಹುಡುಗಿಯರು ಆಟೋದಲ್ಲಿ ಹಾಕಿಕೊಂಡು ಪಶುವೈದ್ಯರ ಹತ್ತಿರ ಒಯ್ದರು. ಮೂಳೆ ಕೂಡಿತು. ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಯಿತು, ರೇಬೀಸ್ ಲಸಿಕೆಯೂ ಆಯಿತು. ಆಪರೇಷನ್ ಆದ ಗುರುತಿಗೆ ಕಿವಿಯ ತುದಿಯಲ್ಲಿ ಒಂದು ಚಿಕ್ಕ ಕಚ್ಚು ಇದೆ. ರಸ್ತೆಯಲ್ಲಿ ಇಂಥ ಕಿವಿಯ ನಾಯಿ ಕಂಡರೆ ಯಾರೋ ಅದರ ಮೇಲೆ ಒಂದು ದಿನದ ಕಾಳಜಿ ಖರ್ಚು ಮಾಡಿದ್ದಾರೆ ಎಂದು ತಿಳಿಯಿರಿ. ಈಗ ಪಿನ್ನಿ ಅಂಗಡಿ ಮುಚ್ಚಿ ಮಗನ ಮನೆಗೆ ಹೋಗಿದ್ದಾರೆ. ಮಗನದು ಮೂರನೇ ಮಹಡಿಯಲ್ಲಿ ಒಂದೇ ಕೋಣೆಯ ಮನೆ, ಅದರಲ್ಲಿ ಐದು ಜನ. ನಲ್ಲಮ್ಮ ಸದ್ಯಕ್ಕೆ ಆ ಹುಡುಗಿಯರಲ್ಲಿ ಒಬ್ಬಳ ಬಾಡಿಗೆ ರೂಮಿನಲ್ಲಿದ್ದಾಳೆ. ಮನೆ ಮಾಲೀಕರು ಒಂದು ತಿಂಗಳು ಗಡುವು ಕೊಟ್ಟಿದ್ದಾರೆ. ಒಳ್ಳೆಯವರೇ, ಇಲ್ಲದಿದ್ದರೆ ಒಂದು ವಾರವೂ ಸಿಗುತ್ತಿರಲಿಲ್ಲ.

ಆ ಹುಡುಗಿ ಎಷ್ಟೋ ಜನರಿಗೆ ಫೋಟೋ ತೋರಿಸಿದ್ದಾಳೆ. ಎಲ್ಲರದೂ ಒಂದೇ ಪ್ರಶ್ನೆ: "ಮರಿ ಇಲ್ವಾ?"

ಈ ಪ್ರಶ್ನೆಯ ಹಿಂದೆ ಒಂದು ಗಾದೆ ಕೂತಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ಗಾದೆ. ಮರಿಯಾದರೆ ನಮಗೆ ಬೇಕಾದ ಹಾಗೆ ಬಗ್ಗಿಸಬಹುದು, ಬೆಳೆದ ನಾಯಿ ಹಳೆಯ ಚಾಳಿ ಬಿಡುವುದಿಲ್ಲ, ನಮ್ಮನ್ನು ಹಚ್ಚಿಕೊಳ್ಳುವುದಿಲ್ಲ ಎಂದು ಜನ ನಂಬಿದ್ದಾರೆ. ನಾನು ಕೇಳುವುದು ಇಷ್ಟೇ. ಬಗ್ಗಿಸಬೇಕಾದದ್ದು ಏನಾದರೂ ಇದ್ದರೆ ತಾನೇ ಬಗ್ಗಿಸುವ ಮಾತು? ಈ ಮರ ನೆಟ್ಟಗೇ ಬೆಳೆದಿದೆಯಲ್ಲ.

ಎರಡು ತಿಂಗಳ ಮರಿ ತಂದವರಿಗೆ ತಾವು ಏನು ತಂದಿದ್ದೇವೆಂದು ಒಂದು ವರ್ಷ ಗೊತ್ತಾಗುವುದಿಲ್ಲ. ಅದು ಎಷ್ಟು ಎತ್ತರ ಆಗುತ್ತದೆ, ಮಕ್ಕಳನ್ನು ಕಂಡರೆ ಹೇಗೆ, ಒಬ್ಬೊಂಟಿ ಬಿಟ್ಟರೆ ಹೇಗೆ, ಯಾರಿಗೂ ಗೊತ್ತಿಲ್ಲ. ಮರಿಯನ್ನು ಎರಡು ಮೂರು ಗಂಟೆಗೊಮ್ಮೆ ಹೊರಗೆ ಕರೆದುಕೊಂಡು ಹೋಗಬೇಕು, ರಾತ್ರಿಯೂ ಸೇರಿ. ಹಾಲುಹಲ್ಲು ಉದುರಿ ಹೊಸ ಹಲ್ಲು ಬರುವ ತನಕ ಚಪ್ಪಲಿ, ಸೋಫಾ, ಚಾರ್ಜರ್ ವೈರು ಯಾವುದೂ ಕ್ಷೇಮವಲ್ಲ. ಪಾರ್ವೊ ಎಂಬ ಕರುಳಿನ ರೋಗ ಲಸಿಕೆ ಪೂರ್ತಿ ಆಗದ ಮರಿಗಳನ್ನು ಕೆಲವೇ ದಿನಗಳಲ್ಲಿ ಮುಗಿಸಿಬಿಡುತ್ತದೆ. ಇಷ್ಟೆಲ್ಲ ಮಾಡಲು ಮನೆಯಲ್ಲಿ ಒಬ್ಬರು ಇಡೀ ದಿನ ಇರಬೇಕು. ನಮ್ಮ ಕೇಳುಗರ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಎಂಟು ಗಂಟೆಗೆ ಬಾಗಿಲಿಗೆ ಬೀಗ ಹಾಕಿ ಹೊರಡುವವರು.

ಬೆಳೆದ ನಾಯಿಯ ಲೆಕ್ಕ ಬೇರೆ. ಅದು ದಿನದ ಅರ್ಧ ಭಾಗ ನಿದ್ದೆ ಮಾಡುತ್ತದೆ. ಮಲಗುವ ಜಾಗವನ್ನು ಕೊಳಕು ಮಾಡಿಕೊಳ್ಳುವ ಸ್ವಭಾವ ಸಾಮಾನ್ಯವಾಗಿ ಅದಕ್ಕಿಲ್ಲ, ಹಾಗಾಗಿ ಬೆಳಿಗ್ಗೆ ಸಂಜೆ ಹೊತ್ತಿಗೆ ಸರಿಯಾಗಿ ಹೊರಗೆ ಕರೆದೊಯ್ದರೆ ಕೆಲವೇ ದಿನಗಳಲ್ಲಿ ಮನೆಯ ಕ್ರಮ ಕಲಿಯುತ್ತದೆ. ಇನ್ನೂ ಮುಖ್ಯವಾದದ್ದು, ಅದರ ಸ್ವಭಾವ ನಮ್ಮ ಕಣ್ಣೆದುರಿಗೇ ಇದೆ. ನಲ್ಲಮ್ಮ ನಾಲ್ಕು ವರ್ಷ ಟೀ ಕುಡಿಯುವವರ ಕಾಲುಗಳ ನಡುವೆ ಮಲಗಿದ್ದಾಳೆ. ಶಾಲೆಯ ಮಕ್ಕಳು ಬಾಲ ಎಳೆದಿದ್ದಾರೆ. ಒಂದು ಬೆಕ್ಕು ಅವಳ ತಟ್ಟೆಯಲ್ಲೇ ತಿಂದಿದೆ. ಅವಳ ಸ್ವಭಾವದ ಪರೀಕ್ಷೆ ಬೆಂಜ್ ಸರ್ಕಲ್ಲಿನಲ್ಲೇ ಮುಗಿದಿದೆ. ಯಾವ ತಳಿಯ ಸರ್ಟಿಫಿಕೇಟೂ ಇಷ್ಟು ಹೇಳುವುದಿಲ್ಲ.

ಬೆಳೆದ ನಾಯಿ ಎರಡನೆಯ ಯಜಮಾನನನ್ನು ಒಪ್ಪುವುದಿಲ್ಲ ಎನ್ನುವವರಿಗೆ ನಮ್ಮದೇ ನಾಡಿನ ಒಂದು ಕಥೆ ಹೇಳಬೇಕು. ಹಳಗನ್ನಡ ಪಾಠದಲ್ಲಿ ನಿದ್ದೆ ಮಾಡಿದ್ದ ನನ್ನ ಸಹಪಾಠಿಗಳೂ ಇದನ್ನು ಮರೆತಿಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಕಲ್ಲು ಇತ್ತು. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ. ಬೂತುಗನ ಜೊತೆ ಮಣಲೇರನೆಂಬ ವೀರನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿದ ಅರಸ ಏನು ಬೇಕೋ ಕೇಳಿಕೋ ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಅರಸನ ಬೇಟೆನಾಯಿ ಕಾಳಿಯನ್ನು.

ಗಮನಿಸಿ, ಅವನು ಕಾಳಿಯ ಮರಿಯನ್ನು ಕೇಳಲಿಲ್ಲ. ಬೆಳೆದು ಹೆಸರು ಮಾಡಿದ, ಅರಸನ ಕೈಯಲ್ಲಿ ಅನ್ನ ತಿಂದ ನಾಯಿಯನ್ನೇ ಕೇಳಿದ. ಕಾಳಿ ಹೊಸ ಮನೆಗೆ ಬಂತು. ಮುಂದೆ ಬೆಳತೂರಿನ ಗುಡ್ಡದ ಹತ್ತಿರ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೇರ ಆ ನಾಯಿಗೆ ಕಲ್ಲು ನಿಲ್ಲಿಸಿದ. ಕಲ್ಲಿನ ಪೂಜೆಗೆ ಭೂಮಿ ಬಿಟ್ಟ. ನಾಯಿಯೂ ಹಂದಿಯೂ ಸೆಣಸುತ್ತಿರುವ ಚಿತ್ರ ಕಲ್ಲಿನ ಮೇಲೆಯೇ ಇದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ನೋಡಬಹುದು. ಇತಿಹಾಸಕಾರರು ಆ ಶಾಸನದಲ್ಲಿ ತಕ್ಕೋಲದ ಯುದ್ಧವನ್ನು ಓದುತ್ತಾರೆ. ನನಗೆ ಅದು ಕನ್ನಡದಲ್ಲಿ ಬರೆದಿಟ್ಟ ಒಂದು ದತ್ತಕ ಪತ್ರ.

ಹತ್ತಿರದ ಉದಾಹರಣೆ ಬೇಕೆಂದರೆ 2022ರಲ್ಲಿ ಬಂದ '777 ಚಾರ್ಲಿ' ಇದೆ. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿ ರಕ್ಷಿತ್ ಶೆಟ್ಟಿ ನಟಿಸಿದ ಚಿತ್ರ. ಅದನ್ನು ನೋಡಿ ಅತ್ತುಕೊಂಡು ಬಂದ ಎಷ್ಟೋ ಮಂದಿ ಲ್ಯಾಬ್ರಡಾರ್ ಮರಿ ಎಲ್ಲಿ ಸಿಗುತ್ತೆ ಎಂದು ನನ್ನನ್ನು ಕೇಳಿದ್ದಾರೆ. ಅಲ್ಲ, ಕಥೆಯಲ್ಲಿ ಚಾರ್ಲಿ ಅಂಗಡಿಯಿಂದ ಬಂದ ನಾಯಿಯೇ? ಮರಿ ಹಾಕಿಸಿ ಮಾರುವವನ ಕೈಯಿಂದ ತಪ್ಪಿಸಿಕೊಂಡು, ಬೀದಿ ಅಲೆದು, ಬೇಡ ಎಂದವನ ಬಾಗಿಲಿಗೆ ಬಂದ ನಾಯಿ ಅದು.

ಇಷ್ಟು ಹೇಳಿದ ಮೇಲೆ ಭಯದ ಮಾತು ಆಡದಿದ್ದರೆ ನ್ಯಾಯವಾಗುವುದಿಲ್ಲ. ಬೀದಿ ನಾಯಿ ಎಂದರೆ ನಿಮ್ಮಲ್ಲಿ ಅನೇಕರಿಗೆ ಭಯ ಇದೆ, ಕೆಲವರಿಗೆ ಕಚ್ಚಿಸಿಕೊಂಡ ಅನುಭವವೇ ಇದೆ. ಅದನ್ನು ನಾಯಿಪ್ರಿಯರು ಹಗುರವಾಗಿ ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಯಾವುದೇ ನಾಯಿ ಕಚ್ಚಿದರೂ, ಪರಚಿದರೂ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ, ಮೆಣಸಿನಪುಡಿ ಯಾವುದೂ ಬೇಡ. ಬೆಂಗಳೂರಿನಲ್ಲಿ 2023ರಲ್ಲಿ ಪಾಲಿಕೆ ಎಣಿಸಿದಾಗ ಬೀದಿ ನಾಯಿಗಳು ಸುಮಾರು 2.79 ಲಕ್ಷ ಇದ್ದವು. ಇಷ್ಟು ದೊಡ್ಡ ಸಂಖ್ಯೆಗೆ ದತ್ತು ಒಂದೇ ಪರಿಹಾರ ಎಂದು ನಾನು ಹೇಳುತ್ತಿಲ್ಲ. ಲಸಿಕೆ, ಸಂತಾನಹರಣ, ಕಸದ ವಿಲೇವಾರಿ ಇವು ಪಾಲಿಕೆಗಳು ಮಾಡಬೇಕಾದ ಕೆಲಸ.

ಆದರೆ 2025ರಲ್ಲಿ ಒಂದು ಬದಲಾವಣೆ ಆಯಿತು. ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಒಂದು ಪೀಠ ದೆಹಲಿ ಸುತ್ತಲಿನ ಬೀದಿ ನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಕ್ಕೆ ಹಾಕಲು ಹೇಳಿತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ಆಪರೇಷನ್ ಮತ್ತು ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು, ರೇಬೀಸ್ ಇರುವವನ್ನೂ ಆಕ್ರಮಣ ಮಾಡುವವನ್ನೂ ಬಿಡಬಾರದು ಎಂದಿತು. ಅದೇ ಆದೇಶದಲ್ಲಿ ಇನ್ನೊಂದು ಮಾತಿತ್ತು, ಪತ್ರಿಕೆಗಳಲ್ಲಿ ಅದಕ್ಕೆ ಅಷ್ಟು ಜಾಗ ಸಿಗಲಿಲ್ಲ. ಪ್ರಾಣಿಪ್ರಿಯರು ಪಾಲಿಕೆಗೆ ಅರ್ಜಿ ಹಾಕಿ ಬೀದಿ ನಾಯಿಯನ್ನು ದತ್ತು ತೆಗೆದುಕೊಳ್ಳಬಹುದು. ನಾಯಿಗೆ ಗುರುತಿನ ಬಿಲ್ಲೆ ಹಾಕಿ ಒಪ್ಪಿಸುತ್ತಾರೆ. ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಅರ್ಜಿ ಹಾಕಿದವರದು. ಆಮೇಲೆ ನವೆಂಬರ್ 7ರ ಆದೇಶ ಬಂತು. ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿರುವ ನಾಯಿಗಳನ್ನು ಅಲ್ಲಿಂದ ತೆಗೆಯಬೇಕು, ಮತ್ತೆ ಅಲ್ಲಿಗೇ ಬಿಡಕೂಡದು ಎಂದು.

ಆದೇಶ ಸರಿಯೋ ತಪ್ಪೋ ಎಂಬ ಚರ್ಚೆಗೆ ಇದು ಜಾಗವಲ್ಲ. ಬಸ್ ನಿಲ್ದಾಣದಲ್ಲಿ, ಆಸ್ಪತ್ರೆ ಗೇಟಿನಲ್ಲಿ ವರ್ಷಗಟ್ಟಲೆ ಯಾರಿಗೂ ತೊಂದರೆ ಕೊಡದೆ ಬದುಕಿದ ಸಾಧು ನಾಯಿಗಳೂ ಈ ಲೆಕ್ಕದಲ್ಲಿ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಬೆಳೆದವು, ಮರಿಗಳಲ್ಲ. ಅವುಗಳಿಗೆ ಉಳಿದಿರುವುದು ಆಶ್ರಯಧಾಮದ ಸಿಮೆಂಟು ನೆಲ, ಇಲ್ಲವೇ ಯಾರದಾದರೂ ಮನೆಯ ಜಗಲಿ.

ಮನೆಗೆ ಬಂದ ಮೇಲೆ ಏನಾಗುತ್ತದೆ ಎಂದು ಕೇಳುವವರಿಗೆ ನಮ್ಮ ಮನೆಯ ಸುಬ್ಬಣ್ಣನ ಉದಾಹರಣೆ ಕೊಡುತ್ತೇನೆ. ಆರು ವರ್ಷದ ಹಿಂದೆ, ಆಗಲೇ ನಾಲ್ಕು ವರ್ಷದವನಾಗಿದ್ದಾಗ ಬಂದ ನಾಯಿ. ನಾಯಿ ಬಲ್ಲವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದು ಒಂದು ಲೆಕ್ಕ ಹೇಳುತ್ತಾರೆ. ಮೊದಲ ಮೂರು ದಿನ ಸುಬ್ಬಣ್ಣ ಮಂಚದ ಕೆಳಗಿಂದ ಹೊರಗೆ ಬರಲಿಲ್ಲ. ಅನ್ನವನ್ನು ನಾವು ಮಲಗಿದ ಮೇಲೆ ತಿನ್ನುತ್ತಿದ್ದ. ನಾವೂ ಅವನ ಹತ್ತಿರ ಹೋಗಲಿಲ್ಲ, ಮುದ್ದು ಮಾಡಲಿಲ್ಲ, ನೆಂಟರನ್ನು ಕರೆದು ತೋರಿಸಲಿಲ್ಲ. ಮೂರು ವಾರಕ್ಕೆ ಅವನಿಗೆ ನಮ್ಮ ಗಡಿಯಾರ ಗೊತ್ತಾಯಿತು. ನಾನು ಸ್ಟುಡಿಯೊಗೆ ಹೊರಡುವ ಹೊತ್ತು, ಹಾಲಿನವನು ಬರುವ ಹೊತ್ತು, ಕುಕ್ಕರ್ ಮೂರನೆಯ ಸೀಟಿ ಹೊಡೆದರೆ ಊಟ ಎನ್ನುವುದು. ಮೂರು ತಿಂಗಳು ಕಳೆದ ಮೇಲೆ ಒಂದು ಸಂಜೆ ನಮ್ಮ ಅತ್ತೆಯವರ ಪಾದದ ಮೇಲೆ ತಲೆ ಇಟ್ಟು ಮಲಗಿಬಿಟ್ಟ. ನಾಯಿ ಮುಟ್ಟಿದರೆ ಸ್ನಾನ ಮಾಡುವವರು ಅವರು. "ಏಳಪ್ಪಾ, ನಂಗೆ ಸಂಧ್ಯಾದೀಪಕ್ಕೆ ಹೊತ್ತಾಯ್ತು" ಎಂದು ಅರ್ಧ ಗಂಟೆ ಅವನನ್ನೇ ಬೇಡಿಕೊಂಡರು, ಕಾಲು ಮಾತ್ರ ಅಲುಗಿಸಲಿಲ್ಲ.

ನಮ್ಮದು ಎರಡು ಕೋಣೆಯ ಮನೆ. ಸುಬ್ಬಣ್ಣನಿಗೆ ಈಗ ಹತ್ತು ವರ್ಷ, ಕೀಲು ನೋವು ಶುರುವಾಗಿದೆ. ಹಾಗಾಗಿ ನಲ್ಲಮ್ಮನನ್ನು ನೀವೇ ಏಕೆ ಇಟ್ಟುಕೊಳ್ಳಬಾರದು ಎಂದು ಫೋನ್ ಮಾಡುವವರಿಗೆ ಇಲ್ಲೇ ಉತ್ತರ ಹೇಳಿಬಿಟ್ಟೆ.

ಖರ್ಚು? ಮಧ್ಯಮ ಗಾತ್ರದ ನಾಡ ನಾಯಿಗೆ ನಮ್ಮ ಮನೆಯಲ್ಲಿ ತಿಂಗಳಿಗೆ ಸುಮಾರು 3000 ರೂಪಾಯಿ ಆಗುತ್ತದೆ. ಅನ್ನ, ಮೊಸರು, ಮೊಟ್ಟೆ, ವಾರಕ್ಕೆ ಎರಡು ಸಲ ಕೋಳಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಅದಕ್ಕೆ ವಿಷ. ಬೇಯಿಸಿದ ಕೋಳಿಮೂಳೆ ಸೀಳಾಗಿ ಕರುಳಿಗೆ ಚುಚ್ಚುತ್ತದೆ, ಅದನ್ನು ಹಾಕಬೇಡಿ. ವರ್ಷಕ್ಕೊಮ್ಮೆ ಲಸಿಕೆ. ಬೀದಿಯಿಂದ ಬಂದ ನಾಯಿಗೆ ಉಣ್ಣೆಹುಳದಿಂದ ಬರುವ ಜ್ವರ ಇದೆಯೇ ಎಂದು ಮೊದಲೇ ರಕ್ತ ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ನಲ್ಲಮ್ಮನಿಗೆ ಅದೂ ಆಗಿದೆ, ತೊಂದರೆಯಿಲ್ಲ. ಎಸಿ ಬೇಕಿಲ್ಲ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಈ ಊರಿನಲ್ಲಿ ಸೈಬೀರಿಯದ ಹಸ್ಕಿಯನ್ನು ತಂದು ಸಾಕುವವರನ್ನೂ ನೋಡಿದ್ದೇನೆ. ಆ ಪ್ರಾಣಿಯ ಕಣ್ಣು ನೋಡಲಾಗುವುದಿಲ್ಲ. ನಮ್ಮ ನಾಡ ನಾಯಿಗೆ ತೆಳುವಾದ ರೋಮ. ನೆರಳು, ತಣ್ಣೀರು, ಒಂದು ಒದ್ದೆ ಗೋಣಿಚೀಲ ಇದ್ದರೆ ಬೇಸಿಗೆ ಕಳೆಯುತ್ತದೆ.

ಬಾಡಿಗೆ ಮನೆಯವರು ಮಾಲೀಕರನ್ನು ಮೊದಲೇ ಕೇಳಿ, ಸಾಧ್ಯವಾದರೆ ಬರವಣಿಗೆಯಲ್ಲಿ. ಅಪಾರ್ಟ್‌ಮೆಂಟಿನವರಿಗೆ ಒಂದು ಮಾಹಿತಿ: ಸಾಕು ನಾಯಿಯನ್ನು ಪೂರ್ತಿಯಾಗಿ ನಿಷೇಧಿಸುವ ನಿಯಮವನ್ನು ನಿವಾಸಿಗಳ ಸಂಘ ಮಾಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ಆ ಕಾಗದ ಹಿಡಿದುಕೊಂಡು ಜಗಳಕ್ಕೆ ನಿಲ್ಲುವ ಮೊದಲು ಪಕ್ಕದ ಮನೆಯ ಅಜ್ಜಿಗೆ ನಾಯಿಯನ್ನು ಒಮ್ಮೆ ತೋರಿಸಿ. ಲಿಫ್ಟಿನಲ್ಲಿ ಹಗ್ಗ ಬಿಗಿಯಾಗಿ ಹಿಡಿಯಿರಿ. ನಾಯಿ ಹೊಲಸು ಮಾಡಿದ್ದನ್ನು ನೀವೇ ಎತ್ತಿ.

ಯಾರಿಗೆ ನಲ್ಲಮ್ಮನನ್ನು ಕೊಡುವುದಿಲ್ಲ ಎನ್ನುವುದನ್ನೂ ಹೇಳಬೇಕು. ಗೋದಾಮಿಗೆ, ತೋಟಕ್ಕೆ ಕಾವಲುನಾಯಿ ಬೇಕು ಎನ್ನುವವರಿಗೆ ಕೊಡುವುದಿಲ್ಲ. ಅವಳು ಕಳ್ಳನಿಗೂ ಬಾಲ ಅಲ್ಲಾಡಿಸುವ ಜಾತಿ. ದಿನವಿಡೀ ಸರಪಳಿಯಲ್ಲಿ ಕಟ್ಟುವವರಿಗೆ ಕೊಡುವುದಿಲ್ಲ. ಮಗನ ಹುಟ್ಟುಹಬ್ಬಕ್ಕೆ ಉಡುಗೊರೆ ಎನ್ನುವವರಿಗೂ ಇಲ್ಲ. ವರ್ಗಾವಣೆಯ ಕೆಲಸದವರು ಯೋಚಿಸಿ ಬನ್ನಿ. ಊರು ಬಿಡುವಾಗ ಸೋಫಾದ ಜೊತೆ ನಾಯಿಯನ್ನೂ ಬಿಟ್ಟುಹೋಗುವುದನ್ನು ಈ ಊರಿನಲ್ಲಿ ಸಾಕಷ್ಟು ನೋಡಿದ್ದೇವೆ. ನಾಡ ನಾಯಿ ಮನೆಯಲ್ಲಿ ಚೆನ್ನಾಗಿ ನೋಡಿಕೊಂಡರೆ ಹನ್ನೆರಡು, ಹದಿಮೂರು ವರ್ಷ ಬದುಕುತ್ತದೆ. ಐದು ಹೋದರೆ ಇನ್ನು ಏಳೆಂಟು ವರ್ಷದ ಮಾತು ಇದು. ಆ ಹುಡುಗಿ ನಿಮ್ಮ ಮನೆಗೆ ಬಂದು ನೋಡುತ್ತಾಳೆ, ಹತ್ತು ಪ್ರಶ್ನೆ ಕೇಳುತ್ತಾಳೆ. ಬೇಸರ ಮಾಡಿಕೊಳ್ಳಬೇಡಿ, ಹೆಣ್ಣು ಕೊಡುವವರು ಕೇಳುವುದಿಲ್ಲವೇ?

ಹೈದರಾಬಾದ್, ಚೆನ್ನೈ, ಬೆಂಗಳೂರಿನಿಂದ ನಮ್ಮನ್ನು ಕೇಳುವವರೂ ಇದ್ದೀರಿ. ನಿಮಗೆ ಮನಸ್ಸಾದರೆ ದೂರ ಅಡ್ಡಿಯಲ್ಲ. ರೈಲಿನ ಎಸಿ ಮೊದಲ ದರ್ಜೆಯಲ್ಲಿ ಇಡೀ ಕೂಪೆ ಕಾದಿರಿಸಿದರೆ ನಾಯಿಯನ್ನು ಜೊತೆಯಲ್ಲೇ ಒಯ್ಯಬಹುದು. ನಲ್ಲಮ್ಮನೇ ಆಗಬೇಕೆಂದೂ ಇಲ್ಲ. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಅವರು 1991ರಲ್ಲಿ ಕಟ್ಟಿದ ಕ್ಯೂಪಾ ಇದೆ. ಹೈದರಾಬಾದಿನಲ್ಲಿ ಅಮಲಾ ಅಕ್ಕಿನೇನಿ ಶುರು ಮಾಡಿದ ಬ್ಲೂ ಕ್ರಾಸ್ ಇದೆ. ವಿಶಾಖಪಟ್ಟಣದಲ್ಲಿ 1996ರಿಂದ ವಿಶಾಖಾ ಪ್ರಾಣಿ ರಕ್ಷಣಾ ಸಂಘ, ಎಂದರೆ ವಿ.ಎಸ್.ಪಿ.ಸಿ.ಎ., ಕೆಲಸ ಮಾಡುತ್ತಿದೆ. ಇಂಥ ಕಡೆ ಹೋದಾಗ ಮುಂದೆ ಓಡಿಬರುವ ಮರಿಗಳನ್ನು ದಾಟಿ ಹಿಂದಿನ ಸಾಲಿಗೆ ಹೋಗಿ. ಯಾರೂ ಕೇಳದ ದೊಡ್ಡ ನಾಯಿಗಳು ಅಲ್ಲಿರುತ್ತವೆ. ಸಿಬ್ಬಂದಿಯನ್ನು ಒಂದೇ ಪ್ರಶ್ನೆ ಕೇಳಿ: ಇವುಗಳಲ್ಲಿ ತುಂಬಾ ಸಾಧು ಯಾವುದು? ದಿನಾ ಅನ್ನ ಹಾಕುವವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ.

ಕೊನೆಗೆ ನಲ್ಲಮ್ಮನ ವಿವರ. ತೂಕ 16 ಕಿಲೋ. ಎದೆಯ ಮೇಲೆ ಬಿಳಿ ಮಚ್ಚೆ. ಹಿಂದಿನ ಎಡಗಾಲು ಸ್ವಲ್ಪ ಬಿಗಿ, ಮಳೆಗಾಲದಲ್ಲಿ ಕುಂಟುತ್ತಾಳೆ. ಪೊರಕೆ ಎತ್ತಿದರೆ ಹೆದರುತ್ತಾಳೆ. ಪಟಾಕಿಗೆ ಬಚ್ಚಲುಮನೆ ಸೇರುತ್ತಾಳೆ, ದೀಪಾವಳಿಯ ರಾತ್ರಿ ಜೊತೆಗೆ ಯಾರಾದರೂ ಇರಬೇಕು. ಮೆಟ್ಟಿಲು ಹತ್ತುವುದು ಈಗಷ್ಟೇ ಕಲಿಯುತ್ತಿದ್ದಾಳೆ, ನೆಲಮಹಡಿಯ ಮನೆಯಾದರೆ ಉತ್ತಮ. ಮಕ್ಕಳು, ಬೆಕ್ಕು, ಮುದುಕರು ಎಲ್ಲರೂ ಆದೀತು. ಭಾಷೆ ತೆಲುಗು. 'ರಾ' ಎಂದರೆ ಬರುತ್ತಾಳೆ. ಕಳೆದ ವಾರ ನಾನು ಹೋಗಿ 'ಬಾರೇ' ಎಂದು ಕರೆದೆ. ಒಂದು ನಿಮಿಷ ಕತ್ತು ಓರೆ ಮಾಡಿ ನೋಡಿ, ಆಮೇಲೆ ಎದ್ದು ಬಂದಳು.

ದಿನಾ ಸಂಜೆ ಐದೂವರೆಗೆ ಅವಳ ವಾಕಿಂಗ್. ನೋಡಲು ಬರುವವರು ಈ ಕಾರ್ಯಕ್ರಮದ ಕೊನೆಯಲ್ಲಿ ಹೇಳುವ ನಂಬರಿಗೆ ಫೋನ್ ಮಾಡಿ, ಇಲ್ಲವೇ ನಮ್ಮ ಕಚೇರಿಗೆ ಒಂದು ಕಾರ್ಡು ಹಾಕಿ. ಬರುವಾಗ ಸಿಹಿ ಬಿಸ್ಕತ್ತು ತರಬೇಡಿ, ಬೇಯಿಸಿದ ಮೊಟ್ಟೆ ತನ್ನಿ. ಬಂದ ತಕ್ಷಣ ತಲೆ ಸವರಲು ಹೋಗದೆ ಸ್ವಲ್ಪ ದೂರದಲ್ಲಿ ಕೂತುಕೊಳ್ಳಿ. ಅವಳೇ ಹತ್ತಿರ ಬರುತ್ತಾಳೆ.